ಎಂಬತ್ತೇಳನೇ ಹಾಳೆ

ರಾತ್ರಿ ಹನ್ನೊಂದಕ್ಕೆ ಗೌಸ್‌ಪೀರ್ ಮೇಷ್ಟ್ರನ್ನು
ಜೀಪಿನಲ್ಲಿ ಕರೆತಂದೆವು. ಕರೆತಂದೆವು ಅಂತಲೇ ಬರೆಯಬೇಕು,
ಹಿಡಿದು ತಂದೆವು ಅಂತಲ್ಲ. ಆ ವ್ಯತ್ಯಾಸ
ಓಣಿಯ ಕಿಟಕಿಗಳಿಗೆ ತಿಳಿಯಲಿಲ್ಲ.
ಒಂದೊಂದೇ ದೀಪ ಹತ್ತಿ, ಒಂದೊಂದೇ ಆರಿತು.

ನಾನು ಠಾಣೆಯ ರೈಟರ್. ಇಪ್ಪತ್ತೆರಡು ವರ್ಷದಿಂದ
ಅರಸೀಕೆರೆಯ ಜಗಳಗಳಿಗೆ ವ್ಯಾಕರಣ ಹಾಕುವವನು.

ಎಲ್ಲೋ ದೂರದ ಊರಿನಲ್ಲಿ ಏನೋ ಸಿಡಿದಿತ್ತು.
ಮೇಲಿನಿಂದ ಆದೇಶ. ಮೇಲೆ ಅಂದರೆ ಎಷ್ಟು ಮೇಲೆ
ಅಂತ ಕೇಳುವ ಪದ್ಧತಿ ನಮ್ಮಲ್ಲಿಲ್ಲ.
ಮೂರು ಮನೆ ಜಾಲಾಡಿ ತಂದ ಕಾಗದ
ಕೊಬ್ಬರಿ ಚೀಲದೊಳಗೆ ಮೇಜಿನ ಮೇಲೆ ಕೂತಿತ್ತು.
ಎಲ್ಲ ಉರ್ದು. ನಮ್ಮ ಕಣ್ಣಿಗೆ
ಬಲದಿಂದ ಬರುವ ಇರುವೆ ಸಾಲು,
ಎಲ್ಲಿ ಕಚ್ಚುತ್ತದೋ.

ಒಂದನೇ ಹಾಳೆ. ಮೇಷ್ಟ್ರು ಕನ್ನಡಕ ಒರೆಸಿ ಓದಿದರು:
ಮೈದಾ, ಏಲಕ್ಕಿ, ಶಾಮಿಯಾನಕ್ಕೆ ಮುಂಗಡ.
ಬರೆದೆ.
ಒಂಬತ್ತು: ಅತ್ತೆಯ ಮೇಲೆ ದೂರು.
ಹತ್ತೊಂಬತ್ತು: ಸಕ್ಕರೆ ಕಾಯಿಲೆಗೆ ಹಾಗಲಕಾಯಿ ರಸ.
ಮೂವತ್ತೊಂದರಲ್ಲಿ ಯಾರೋ ಕಟ್ಟಿದ ಶೇರ್. ಎರಡನೇ ಸಾಲಲ್ಲಿ
ಮಾತ್ರೆ ತಪ್ಪಿದೆ ಅಂತ ಮೇಷ್ಟ್ರು ನೊಂದುಕೊಂಡರು.
"ಅದ್ನೂ ಬರೀಲಾ ಸಾರ್?"
ಸಾಹೇಬರು ಯೋಚಿಸಿದರು. "ಬರಿ. ಕೋಡ್ ಇರಬೌದು."

ಹುಬ್ಬಳ್ಳಿ ಕಡೆಯ ಗಾಡಿ ಬಂತು, ಹೋಯಿತು.

ಅದೇ ಮೇಜಿನ ಆ ತುದಿಯಲ್ಲಿ ಒಂದು ಕಟ್ಟು ಕರಪತ್ರ,
ಹೋದ ವಾರ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದು:
ಯಾರ ಅಂಗಡಿಗೆ ಹೋಗಬಾರದು,
ಯಾರ ಬೀದಿಗೆ ಎಂದು ನುಗ್ಗಬೇಕು,
ಅಚ್ಚ ಕನ್ನಡದಲ್ಲಿ, ಕಾಗುಣಿತ ಒಂದೂ ತಪ್ಪಿಲ್ಲ.
ಅದಕ್ಕೆ ಭಾಷಾಂತರಕಾರರು ಬೇಕಿರಲಿಲ್ಲ,
ಹಾಗಾಗಿ ಯಾರೂ ಓದಿರಲಿಲ್ಲ.
ಮೇಷ್ಟ್ರ ಟೀ ಲೋಟವನ್ನು ಅದರ ಮೇಲೆಯೇ ಇಟ್ಟೆ.

ಎಂಬತ್ತೇಳು. ಮೇಷ್ಟ್ರು ಓದಲಿಲ್ಲ.
ಹಾಳೆಯನ್ನು ಬಲ್ಬಿಗೆ ಹಿಡಿದರು, ಇಳಿಸಿದರು.
ಬೆರಳು ಒಂದು ನೂನಿನ ಹೊಟ್ಟೆಯ ಮೇಲೆ ನಿಂತಿತು.
"ಈ ದುಂಡು ನಾನು ಕಲಿಸಿದ್ದು. ಆರನೇ ಕ್ಲಾಸು.
ಅಕ್ಷರ ದೋಣಿ ಥರ ಇರಬೇಕು, ಚುಕ್ಕಿ ಅದ್ರಲ್ಲಿ ಕೂತ ಮಗು
ಅಂತ ನೂರು ಸಲ ಬರೆಸಿದ್ದೆ."
"ಅದಿರ್ಲಿ. ಏನೈತೆ ಅದ್ರಲ್ಲಿ?"

ಆಣೆ ಮಾಡಿ ಹೇಳುತ್ತೇನೆ, ಆಗ ಅವರು
ಮದುವೆ ಸಾಮಾನು ಅಂದಿದ್ದರೂ
ನಾನು ಬರೆದುಕೊಳ್ಳುತ್ತಿದ್ದೆ.
ಇಡೀ ಸರ್ಕಾರ ಆ ಹೊತ್ತು ಒಬ್ಬ ರಿಟೈರಾದ ಮೇಷ್ಟ್ರ
ನಾಲಿಗೆಯ ಮೇಲೆ ಕೂತಿತ್ತು.

ಓದಿದರು. ಒಂದು ಪದ ಬಿಡಲಿಲ್ಲ.
ಯಾವ ಸಂತೆ, ಎಷ್ಟು ಹೊತ್ತಿಗೆ ಜನ ಹೆಚ್ಚು,
ಯಾರು ಸತ್ತರೆ ದೇವರು ಮೆಚ್ಚುತ್ತಾನೆ.
ಒಂದು ಕಡೆ ಮಾತ್ರ ತಡಕಾಡಿದರು:
"ಇದಕ್ಕೆ ಕನ್ನಡದಲ್ಲಿ ಏನಂತಾರೆ?"
ನಾನು ಮೇಜಿನ ಆ ತುದಿ ನೋಡಿದೆ.
ಲೋಟ ಎತ್ತಿದರೆ ಆ ಪದ ಅಲ್ಲೇ ಇತ್ತು.

ಹುಡುಗ ತಿಪಟೂರು ರಸ್ತೆಯಲ್ಲಿ ಸಿಕ್ಕ.
ಜೊತೆಗೆ ಅವನಿಗೆ ಬೈಕ್ ಕೊಟ್ಟವನು,
ಅವನ ಗಡ್ಡದಂಥ ಗಡ್ಡವಿದ್ದ ಇನ್ನಿಬ್ಬರು.
ಸಂತೆ ರದ್ದಾಯಿತು. ಅಲ್ಲಿ ಸಾಯಬೇಕಿದ್ದವರು
ಸೌತೆಕಾಯಿ ದುಬಾರಿ ಅಂತ ವಾರವಿಡೀ ಸರ್ಕಾರವನ್ನು ಬೈದರು.

ಅದೆಲ್ಲ ಆಮೇಲೆ. ಆ ರಾತ್ರಿ ಇನ್ನೊಂದು ನಮೂನೆ ಬಾಕಿ:
ಭಾಷಾಂತರಕಾರರ ಪೂರ್ವಾಪರ ಪರಿಶೀಲನೆ.
"ತಪ್ಪು ತಿಳೀಬೇಡಿ ಮೇಷ್ಟ್ರೇ, ಎಲ್ರಿಗೂ ಕೇಳ್ತೀವಿ."
ಎಲ್ಲರಿಗೂ ಕೇಳುವುದಿಲ್ಲ.
ಈ ಊರಿನಲ್ಲಿ ಎಷ್ಟು ವರ್ಷದಿಂದ? ಹೊರದೇಶದಲ್ಲಿ ನೆಂಟರು?
ಆರೋಪಿಯ ಪರಿಚಯವಿದ್ದಲ್ಲಿ, ಹೇಗೆ?
ಪೆನ್ನು ಇಸಿದುಕೊಂಡು ತಾವೇ ತುಂಬಿದರು:
ಅಕ್ಷರ ಕಲಿಸಿದ್ದೇನೆ.

ಆಮೇಲೆ ನನ್ನ ಬರಹದ ಮೇಲೆ ಕಣ್ಣಾಡಿಸಿ
ಎಂಬತ್ತೇಳರಲ್ಲಿ ನಾನು ಬಿಟ್ಟಿದ್ದ ಒತ್ತಕ್ಷರ ತಿದ್ದಿದರು.

"ಜೀಪ್ ಬೇಡ," ಅಂದರು. "ನಡೀಬೌದಾ?"
ವೈರ್‌ಲೆಸ್ಸಿನಲ್ಲಿ ಆಗಷ್ಟೇ ನಿಷೇಧಾಜ್ಞೆ ಬಂದಿತ್ತು.
ನಾಲ್ಕು ಜನಕ್ಕಿಂತ ಹೆಚ್ಚು ಸೇರುವಂತಿಲ್ಲ.
ಒಬ್ಬರೇ ಆದರೆ ಹೋಗಬಹುದು, ಅಂದೆ.